ಹಿಮ್ಮೇಳದ ಇಬ್ಬರು: 'ಹೆಲಿಗೊಲ್ಯಾಂಡ್' ಎಂಬ ಪ್ರಕರಣ

ಆಲ್ಬಂನಲ್ಲಿರುವುದು ಹತ್ತು ಹಾಡು. ಏಳರಲ್ಲಿ ಮುಖ್ಯ ದನಿ ಹೊರಗಿನವರದು. ಒಂದನ್ನು ಹೊರಗಿನವರೊಬ್ಬರೂ ಮನೆಯವರಿಬ್ಬರೂ ಹಂಚಿಕೊಂಡಿದ್ದಾರೆ. ಉಳಿದ ಎರಡು ಮಾತ್ರ ಮನೆಯವರಲ್ಲಿ ಒಬ್ಬನ ಪಾಲಿಗೆ ಬಂದಿವೆ. ಇನ್ನೊಬ್ಬನ ಗಂಟಲು ಇಡೀ ಆಲ್ಬಂನಲ್ಲಿ ಕೇಳುವುದು ಒಂದೇ ಕಡೆ. ಹೀಗಿದ್ದೂ ರಟ್ಟಿನ ಮೇಲಿರುವುದು ಆ ಇಬ್ಬರ ತಂಡದ ಹೆಸರು. ಯಾವ ಹಾಡನ್ನು ಎಲ್ಲಿಂದ ಹಾಕಿದರೂ ಅರ್ಧ ನಿಮಿಷದೊಳಗೆ ಇದು ಅವರದೇ ಎಂದು ಗೊತ್ತಾಗಿಬಿಡುತ್ತದೆ.

2010ರ ಫೆಬ್ರವರಿ 8ರಂದು ಹೊರಬಂದ ಆ ಆಲ್ಬಂ 'ಹೆಲಿಗೊಲ್ಯಾಂಡ್'. ತಂಡ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮ್ಯಾಸಿವ್ ಅಟ್ಯಾಕ್. ಆ ಹೊತ್ತಿಗೆ ತಂಡದಲ್ಲಿ ಉಳಿದಿದ್ದವರು ರಾಬರ್ಟ್ ಡೆಲ್ ನಾಯಾ, ಅಂದರೆ 'ತ್ರೀಡಿ', ಮತ್ತು ಗ್ರಾಂಟ್ ಮಾರ್ಷಲ್, ಅಂದರೆ 'ಡ್ಯಾಡಿ ಜಿ'. ಹಿಂದಿನ ಆಲ್ಬಂ ಬಂದು ಏಳು ವರ್ಷ ಕಳೆದಿತ್ತು, ಅದರಲ್ಲಿ ಮಾರ್ಷಲ್ ಇರಲೇ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವ ಅಭ್ಯಾಸವೇ ತಪ್ಪಿಹೋದ ಇಬ್ಬರು ಒಂದು ಆಲ್ಬಂ ಮುಗಿಸಿದ್ದು ಹೇಗೆ? ಈ ಪ್ರಕರಣದಲ್ಲಿ ನನಗಿರುವ ಕುತೂಹಲ ಅಷ್ಟೇ. ಅದು ಅವರ ಅತ್ಯುತ್ತಮ ಆಲ್ಬಮ್ಮೇ ಎನ್ನುವ ಜಗಳ ಬೇರೆ. ಅಲ್ಲ ಎಂದು ಈಗಲೇ ಹೇಳಿ ಮುಂದೆ ಹೋಗುತ್ತೇನೆ.

ಮೇಳ ಕಟ್ಟಿದ ಊರು

ಬ್ರಿಸ್ಟಲ್ ಬಂದರು ಊರು. ಒಂದು ಕಾಲದಲ್ಲಿ ಗುಲಾಮರ ವ್ಯಾಪಾರದಿಂದ ದುಡ್ಡು ಕಂಡ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಬಂದ ಅನೇಕರು ಅಲ್ಲಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದರು. ಅವರ ಹಿಂದೆಯೇ ಜಮೈಕಾದ ಸೌಂಡ್ ಸಿಸ್ಟಂ ಪದ್ಧತಿಯೂ ಬಂತು. ಬೀರುವಿನ ಗಾತ್ರದ ಸ್ಪೀಕರ್ ಪೆಟ್ಟಿಗೆಗಳು, ಗ್ರಾಮಫೋನ್ ತಟ್ಟೆ ತಿರುಗಿಸುವವನೊಬ್ಬ, ತಟ್ಟೆ ಆರಿಸಿ ಕೊಡುವವನೊಬ್ಬ, ಮೈಕ್ ಹಿಡಿದು ಮಾತಿಗೆ ಮಾತು ಪೋಣಿಸುವವನೊಬ್ಬ. ಹಾಡು ತಟ್ಟೆಯಲ್ಲೇ ಇರುತ್ತದೆ, ಹಾಡುಗಾರ ಸ್ಥಳದಲ್ಲಿ ಇರಬೇಕಾಗಿಲ್ಲ. ಜನ ಸೇರುವುದು ಆ ಪೆಟ್ಟಿಗೆಗಳ ಒಡೆಯರ ಹೆಸರು ಕೇಳಿ.

1980ರ ದಶಕದಲ್ಲಿ 'ದಿ ವೈಲ್ಡ್ ಬಂಚ್' ಎಂಬ ಇಂಥದೊಂದು ಗುಂಪು ಬ್ರಿಸ್ಟಲ್‌ನ ಕ್ಲಬ್ಬುಗಳಲ್ಲೂ ಖಾಲಿ ಗೋದಾಮುಗಳಲ್ಲೂ ರಾತ್ರಿ ಕಳೆಯುತ್ತಿತ್ತು. ಬಾರ್ಬಡೋಸ್ ಮೂಲದ ಮನೆಯ ಮಾರ್ಷಲ್ ಅದರ ಮೊದಲಿಗರಲ್ಲಿ ಒಬ್ಬ. ಆಳು ಎತ್ತರ, ದನಿ ಬಾವಿಯೊಳಗಿಂದ ಬಂದಂತೆ. ಡೆಲ್ ನಾಯಾನ ತಂದೆ ಇಟಲಿಯ ನೇಪಲ್ಸ್ ಕಡೆಯವರು. ಅವನು ಊರಿನ ಗೋಡೆಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದ, 'ತ್ರೀಡಿ' ಎಂಬುದು ಆ ದಿನಗಳಲ್ಲಿ ಅಂಟಿಕೊಂಡ ಹೆಸರು. 'ಮಶ್ರೂಮ್' ಎಂದು ಕರೆಸಿಕೊಳ್ಳುತ್ತಿದ್ದ ಆಂಡ್ರ್ಯೂ ವೌಲ್ಸ್ ಇವರಿಗಿಂತ ಕಿರಿಯ. ಟ್ರಿಕಿ ಎಂಬ ಹುಡುಗ ಬಂದುಹೋಗುತ್ತಿದ್ದ. 1988ರ ಸುಮಾರಿಗೆ ಆ ಗುಂಪು ಚದುರಿ, ಮಾರ್ಷಲ್, ಡೆಲ್ ನಾಯಾ, ವೌಲ್ಸ್ ಮೂವರೂ ಮ್ಯಾಸಿವ್ ಅಟ್ಯಾಕ್ ಆದರು.

ಇವರು ಮೇಳದವರು, ಬ್ಯಾಂಡಿನವರಲ್ಲ. ಹಾಗೆಂದರೆ ಕರಾವಳಿಯ ಓದುಗರಿಗೆ ಅರ್ಥವಾದೀತು. ಯಕ್ಷಗಾನದ ಮೇಳಕ್ಕೊಂದು ಹಿಮ್ಮೇಳ, ಅಂದರೆ ಹಾಡಿ ನುಡಿಸುವವರು, ಒಂದು ಮುಮ್ಮೇಳ, ಅಂದರೆ ವೇಷ ಕಟ್ಟಿ ಕುಣಿಯುವವರು. ಹಿಮ್ಮೇಳ ಸ್ಥಿರ. ಮುಮ್ಮೇಳಕ್ಕೆ ವೇಷಧಾರಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ, ಅತಿಥಿ ಕಲಾವಿದರೂ ಬಂದು ಕಟ್ಟುತ್ತಾರೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಬಲ್ಲೆ. ನಮ್ಮಲ್ಲಿ ಹಾಡುವ ಭಾಗವತರು ಹಿಮ್ಮೇಳದಲ್ಲೇ ಕೂತಿರುತ್ತಾರೆ, ಇಲ್ಲಿ ಹಾಡುವವರೇ ಮುಂದೆ ಬಂದು ಕುಣಿಯುವ ವೇಷಗಳು. ಆದರೆ ಪದ್ಯ ಎಲ್ಲಿ ಎತ್ತಬೇಕು, ಎಷ್ಟು ಎಳೆಯಬೇಕು, ಯಾವಾಗ ಇಳಿಸಬೇಕು ಎನ್ನುವ ಭಾಗವತರ ಅಧಿಕಾರವಿದೆಯಲ್ಲ, ಅದು ಮ್ಯಾಸಿವ್ ಅಟ್ಯಾಕ್‌ನಲ್ಲಿ ಎಂದೂ ಹಾಡುಗಾರರ ಕೈಗೆ ಹೋಗಲಿಲ್ಲ.

1991ರ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಂ 'ಬ್ಲೂ ಲೈನ್ಸ್' ಇದೇ ಲೆಕ್ಕದ್ದು. ಹೆಣ್ಣು ದನಿ ಶಾರಾ ನೆಲ್ಸನ್ ಅವರದು. ಜಮೈಕಾದ ಹಿರಿಯ ರೆಗ್ಗೆ ಗಾಯಕ ಹೊರೇಸ್ ಆಂಡಿ ಅವರ ನಡುಗುವ ಏರುಕಂಠವೂ ಇತ್ತು. ಟ್ರಿಕಿ ಮತ್ತು ಒಡೆಯರು ಪಿಸುಮಾತಿನಲ್ಲಿ ರ್‍ಯಾಪ್ ಮಾಡಿದರು. ಹಿಪ್‌ಹಾಪ್‌ನ ಬೀಟನ್ನು ನಡಿಗೆಯ ವೇಗಕ್ಕೆ ಇಳಿಸಿ, ರೆಗ್ಗೆಯ ದಪ್ಪ ಬೇಸ್ ಕೆಳಗೆ ಹಾಸಿ, ಹಳೆಯ ತಟ್ಟೆಗಳಿಂದ ತುಣುಕು ಕತ್ತರಿಸಿ ಅಂಟಿಸುವ ಈ ಬಗೆಗೆ 'ಟ್ರಿಪ್‌ಹಾಪ್' ಎಂಬ ಹೆಸರು ಅಚ್ಚಾದದ್ದು ಮೂರು ವರ್ಷ ಕಳೆದ ಮೇಲೆ, 1994ರಲ್ಲಿ, 'ಮಿಕ್ಸ್‌ಮ್ಯಾಗ್' ಪತ್ರಿಕೆಯಲ್ಲಿ. ಅದೂ ಅಮೆರಿಕದ ಇನ್ನೊಬ್ಬನ ಸಂಗೀತದ ಬಗ್ಗೆ ಬರೆಯುತ್ತ. ಬ್ರಿಸ್ಟಲ್‌ನವರಿಗೆ ಆ ಹೆಸರು ಎಂದೂ ಹಿಡಿಸಲಿಲ್ಲ. ನಮ್ಮ ಕಿವಿಗೆ ಹತ್ತಿರದ ಒಂದು ಎಳೆಯೂ ಆ ಆಲ್ಬಂನಲ್ಲಿದೆ. ಅದರ ಎಲ್ಲಕ್ಕಿಂತ ಹೆಸರಾದ ಹಾಡು 'ಅನ್‌ಫಿನಿಶ್ಡ್ ಸಿಂಪತಿ'ಯಲ್ಲಿ ಮತ್ತೆಮತ್ತೆ ಮರಳುವ ಕೂಗು ಮಹಾವಿಷ್ಣು ಆರ್ಕೆಸ್ಟ್ರಾದ 1976ರ ಒಂದು ತಟ್ಟೆಯಿಂದ ಎತ್ತಿದ್ದು. ಅದರ ನಾಯಕ ಜಾನ್ ಮೆಕ್‌ಲಾಫ್ಲಿನ್, 'ಶಕ್ತಿ' ತಂಡದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ಘಟಂ ವಿಕ್ಕು ವಿನಾಯಕರಾಮ್ ಜೊತೆ ಕೂತವರು. 1990ರಲ್ಲಿ ನುಸ್ರತ್ ಫತೇ ಅಲಿ ಖಾನರ 'ಮಸ್ತ್ ಮಸ್ತ್' ಕವ್ವಾಲಿಗೆ ಬೀಟ್ ಹಾಸಿ ಕ್ಲಬ್ಬಿಗೆ ಕಳಿಸಿದವರೂ ಇವರೇ. ಬೇರೆಯವರ ಕಂಠ ತಂದು ತಮ್ಮ ಚಪ್ಪರದಡಿ ನಿಲ್ಲಿಸುವ ಕಸುಬು ಇವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಒಬ್ಬೊಬ್ಬರಾಗಿ

1994ರ 'ಪ್ರೊಟೆಕ್ಷನ್' ಮುಗಿಯುವಷ್ಟರಲ್ಲಿ ಟ್ರಿಕಿ ತನ್ನ ದಾರಿ ಹಿಡಿದಿದ್ದ. 1998ರ 'ಮೆಜನೈನ್' ತಂಡವನ್ನು ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿಸಿತು, ಅದೇ ಆಲ್ಬಂ ತಂಡವನ್ನು ಒಡೆಯಿತು ಕೂಡ. ಡೆಲ್ ನಾಯಾನಿಗೆ ಗಿಟಾರಿನ ಕತ್ತಲು ಬೇಕಿತ್ತು. ವೌಲ್ಸ್‌ಗೆ ಹಿಪ್‌ಹಾಪ್, ಸೋಲ್‌ನ ನೆಲ ಬಿಡಲು ಮನಸ್ಸಿರಲಿಲ್ಲ. ಮೂವರೂ ಸ್ಟುಡಿಯೊಗೆ ಬೇರೆಬೇರೆ ಹೊತ್ತಿಗೆ ಬಂದು ತಮ್ಮತಮ್ಮ ಪಾಲು ಮುಗಿಸುವ ಸ್ಥಿತಿ ತಲುಪಿತು. ಎಲಿಜಬೆತ್ ಫ್ರೇಜರ್ ಹಾಡಿದ 'ಟಿಯರ್‌ಡ್ರಾಪ್' ಆ ಜಗಳದ ನಡುವೆಯೇ ಹುಟ್ಟಿದ್ದು. ಮರುವರ್ಷ ವೌಲ್ಸ್ ಹೊರನಡೆದ.

ಉಳಿದ ಇಬ್ಬರಲ್ಲಿ ಮಾರ್ಷಲ್ ಸಂಸಾರದ ಕಡೆ ತಿರುಗಿ ಬಿಡುವು ತೆಗೆದುಕೊಂಡ. 2003ರ ಫೆಬ್ರವರಿಯಲ್ಲಿ ಬಂದ 'ಹಂಡ್ರೆತ್ ವಿಂಡೋ' ಹೆಸರಿಗೆ ಮ್ಯಾಸಿವ್ ಅಟ್ಯಾಕ್‌ನದು. ಕೆಲಸ ಡೆಲ್ ನಾಯಾ ಮತ್ತು ನಿರ್ಮಾಪಕ ನೀಲ್ ಡೇವಿಡ್ಜ್ ಅವರದು. ತುಣುಕು ಕತ್ತರಿಸುವ ಹಳೆಯ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟು, ಶಬ್ದದ ಮೇಲೆ ಶಬ್ದ ಹೊದಿಸಿ, ಗಾಜಿನಂತೆ ನುಣುಪಾಗಿ ಉಜ್ಜಿದ ಆಲ್ಬಂ ಅದು. ಶಿನೇಡ್ ಓಕಾನರ್ ಹಾಡಿದ್ದಾರೆ, ಹೊರೇಸ್ ಆಂಡಿ ಇದ್ದಾರೆ, ಇದೂ ಪಟ್ಟಿಯಲ್ಲಿ ಒಂದನೆಯದಾಯಿತು. ಇಷ್ಟಾಗಿಯೂ ಮುಗಿಸಿ ಎದ್ದಾಗ ಯಾರೂ ಇಲ್ಲದ ಕಚೇರಿಯಲ್ಲಿ ಕೂತು ಬಂದ ಹಾಗಿರುತ್ತದೆ ನನಗೆ. ಎಲ್ಲವೂ ಓರಣ, ಎದುರು ಮಾತಾಡುವವರು ಮಾತ್ರ ಇಲ್ಲ. ಮಾರ್ಷಲ್‌ನ ಗೈರುಹಾಜರಿ ಕೇಳಿಸುವುದು ಅಲ್ಲೇ. ಅವನು ಎಷ್ಟು ನುಡಿಸುತ್ತಿದ್ದ, ಎಷ್ಟು ಬರೆಯುತ್ತಿದ್ದ ಎಂಬ ಲೆಕ್ಕ ಇದಕ್ಕೆ ಸಲ್ಲದು. ಸೌಂಡ್ ಸಿಸ್ಟಂನಲ್ಲಿ ಬೆಳೆದವನು ಸ್ಪೀಕರ್ ಮುಂದೆ ನಿಂತು, ಇದಕ್ಕೆ ಜನ ಕುಣಿಯುವುದಿಲ್ಲ ಎಂದು ತಲೆಯಾಡಿಸುತ್ತಾನಲ್ಲ, ಆ ತಲೆಯಾಡಿಸುವಿಕೆ ಇಲ್ಲವಾಗಿತ್ತು.

ಏಳು ವರ್ಷದ ನಡುವೆ

2003ರಿಂದ 2009ರವರೆಗೆ ಆಲ್ಬಂ ಬಿಟ್ಟು ಬೇರೆಲ್ಲವೂ ನಡೆಯಿತು. ಇರಾಕ್ ಯುದ್ಧದ ವಿರುದ್ಧ ಡೆಲ್ ನಾಯಾ ಮತ್ತು ಬ್ಲರ್ ತಂಡದ ಗಾಯಕ ಡೇಮನ್ ಆಲ್ಬಾರ್ನ್ ಜೊತೆಯಾಗಿ ಪ್ರಚಾರಕ್ಕಿಳಿದರು. ಈ ಗೆಳೆತನ ಮುಂದೆ ಕೆಲಸಕ್ಕೆ ಬರುತ್ತದೆ. ಡೆಲ್ ನಾಯಾ, ಡೇವಿಡ್ಜ್ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡಿದರು. ಮಾರ್ಷಲ್ 2004ರಲ್ಲಿ ತನ್ನ ಹೆಸರಿನಲ್ಲಿ ಒಂದು ಡಿಜೆ ಸಂಕಲನ ತಂದ. 2006ರಲ್ಲಿ ಹಳೆಯ ಹಾಡುಗಳ 'ಕಲೆಕ್ಟೆಡ್' ಬಂತು. ಸಂಕಲನ ತಂದ ತಂಡದ ಕಥೆ ಮುಗಿದಂತೆ ಎಂದು ಭಾವಿಸುವುದು ವಾಡಿಕೆ. ಅದರಲ್ಲಿದ್ದ ಒಂದು ಹೊಸ ಹಾಡು, ಟೆರಿ ಕ್ಯಾಲಿಯರ್ ದನಿಯ 'ಲಿವ್ ವಿತ್ ಮಿ', ಹಾಗಲ್ಲ ಎಂದು ಹೇಳಿತು.

2008 ತಿರುವು. ಲಂಡನ್ನಿನ ಸೌತ್‌ಬ್ಯಾಂಕ್ ಸೆಂಟರ್ ಪ್ರತಿ ಬೇಸಿಗೆಯಲ್ಲಿ ನಡೆಸುವ 'ಮೆಲ್ಟ್‌ಡೌನ್' ಉತ್ಸವಕ್ಕೆ ಯಾರನ್ನು ಕರೆಸಬೇಕು ಎಂದು ಆರಿಸುವ ಕೆಲಸ ಆ ವರ್ಷ ಮ್ಯಾಸಿವ್ ಅಟ್ಯಾಕ್ ಪಾಲಿಗೆ ಬಂತು. ಅದೇ ತಿರುಗಾಟದಲ್ಲಿ ಇನ್ನೂ ಹೊರಬರದ ಹಾಡುಗಳನ್ನು ಸಭೆಯ ಮುಂದೆ ನುಡಿಸಿ ನೋಡಿದರು. ಕೆಲವು ಬಿದ್ದುಹೋದವು, ಕೆಲವು ಹೆಸರು ಬದಲಿಸಿಕೊಂಡು, ಮೈ ಬದಲಿಸಿಕೊಂಡು ಉಳಿದವು. ಗಾಜಿನ ಕೋಣೆಯಲ್ಲಿ ಉಜ್ಜುತ್ತ ಕೂತ ಹಿಂದಿನ ಆಲ್ಬಂಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೇ. ಹಾಡು ಮೊದಲು ಬಯಲಿಗೆ ಬಂತು, ಆಮೇಲೆ ಕೋಣೆಗೆ ಹೋಯಿತು. ಮಾರ್ಷಲ್ ವೇದಿಕೆಯಲ್ಲೂ ಇದ್ದ, ಕೋಣೆಗೂ ಮರಳಿದ.

ಕುರ್ಚಿಗೆ ಯಾರು

ಈಗ ಹಾಡುಗಳಿಗೆ ಬರೋಣ. ಅತಿಥಿಗಳ ಪಟ್ಟಿ ಓದಿದರೆ ಊರೆಲ್ಲ ಸೇರಿದ ಹಾಗಿದೆ. ನ್ಯೂಯಾರ್ಕಿನ ಟಿವಿ ಆನ್ ದ ರೇಡಿಯೊ ತಂಡದ ಟುಂಡೆ ಅಡೆಬಿಂಪೆ, ಬ್ರಿಸ್ಟಲ್‌ನವರೇ ಆದ, ಟ್ರಿಕಿಯ ಮೊದಲ ಆಲ್ಬಂನಲ್ಲಿ ಹಾಡಿ ಹೆಸರಾದ ಮಾರ್ಟಿನಾ ಟಾಪ್ಲಿ-ಬರ್ಡ್, ಕ್ಯಾಲಿಫೋರ್ನಿಯಾದ ಮ್ಯಾಝಿ ಸ್ಟಾರ್ ತಂಡದ ಹೋಪ್ ಸ್ಯಾಂಡೊವಲ್, ಎಲ್ಬೋ ತಂಡದ ಗೈ ಗಾರ್ವಿ, ಡೇಮನ್ ಆಲ್ಬಾರ್ನ್, ಮತ್ತೆ ಇದ್ದೇ ಇರುವ ಹೊರೇಸ್ ಆಂಡಿ. ಹಿನ್ನೆಲೆಯಲ್ಲಿ ಪೋರ್ಟಿಸ್‌ಹೆಡ್‌ನ ಏಡ್ರಿಯನ್ ಅಟ್ಲಿಯಂಥ ಊರಿನ ಕೈಗಳು. ತಾರೆಯರನ್ನು ತಂದು ಆಲ್ಬಂ ತುಂಬಿಸಿದರು ಎಂಬ ಟೀಕೆ ಬಂತು. ತಪ್ಪು ತಕ್ಕಡಿ ಅದು. ಇವರ ಯಾವ ಆಲ್ಬಂ ಅತಿಥಿಗಳಿಲ್ಲದೆ ಆಗಿದೆ? ಕೇಳಬೇಕಾದದ್ದು ಒಬ್ಬೊಬ್ಬ ಅತಿಥಿಗೆ ಎಂಥ ಜಾಗ ಬಿಟ್ಟುಕೊಟ್ಟರು ಎಂದು.

'ಸ್ಪ್ಲಿಟಿಂಗ್ ದಿ ಆಟಮ್' ತೆಗೆದುಕೊಳ್ಳಿ. ಆಲ್ಬಂಗಿಂತ ನಾಲ್ಕು ತಿಂಗಳು ಮೊದಲು, 2009ರ ಅಕ್ಟೋಬರ್ 4ರಂದು, ಇದೇ ಹೆಸರಿನ ನಾಲ್ಕು ಹಾಡಿನ ಇಪಿಯಲ್ಲಿ, ಅಂದರೆ ಆಲ್ಬಂಗಿಂತ ಚಿಕ್ಕ ಕಟ್ಟಿನಲ್ಲಿ, ಇದು ಬಂತು. ಆಲ್ಬಾರ್ನ್ ನುಡಿಸಿದ ಆರ್ಗನ್ ಉದ್ದಕ್ಕೂ ಒಂದೇ ಹೆಜ್ಜೆಯಲ್ಲಿ ಕುಂಟುತ್ತದೆ, ಜೊತೆಗೆ ಚಪ್ಪಾಳೆಯಂಥ ಒಂದು ಬಡಿತ. ಮೊದಲು ಮಾರ್ಷಲ್‌ನ ಬಾವಿದನಿ, ಮೇಲೆ ಹೊರೇಸ್ ಆಂಡಿ, ನಡುವೆ ಡೆಲ್ ನಾಯಾನ ಗೊಣಗು. ಮಂದ್ರ, ತಾರ, ಮಧ್ಯ ಎಂದು ಬೇಕಾದರೆ ಹೇಳಿಕೊಳ್ಳಿ. ಮೂವರೂ ಒಬ್ಬರಿಗೊಬ್ಬರು ಉತ್ತರ ಕೊಡುವುದಿಲ್ಲ, ಒಂದೇ ಬೀದಿಯಲ್ಲಿ ಬೇರೆಬೇರೆ ಹೊತ್ತಿಗೆ ಹಾದುಹೋಗುವ ಜನರ ಹಾಗೆ ಬಂದು ಹೋಗುತ್ತಾರೆ. ಇಡೀ ಆಲ್ಬಂನಲ್ಲಿ ಇಬ್ಬರು ಒಡೆಯರ ದನಿ ಜೊತೆಯಾಗುವುದು ಇಲ್ಲಿ ಮಾತ್ರ, ಅದೂ ಮೂರನೆಯವರು ನಡುವೆ ಇರುವಾಗ. ಎದುರಿಗೆ ಇಡಬೇಕಾದ ಹಾಡು ಯಾವುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

'ಗರ್ಲ್ ಐ ಲವ್ ಯೂ' ಹೊರೇಸ್ ಆಂಡಿ ಅವರದೇ ಹಳೆಯ ಹಾಡು. ಅವರು ತಾರುಣ್ಯದಲ್ಲಿ ಜಮೈಕಾದಲ್ಲಿ ಹಾಡಿದ ಪ್ರೇಮಗೀತೆಯನ್ನು ಅರುವತ್ತರ ಹತ್ತಿರ ಬಂದಾಗ ಅವರಿಂದಲೇ ಮತ್ತೆ ಹಾಡಿಸಿ, ಕೆಳಗಿನ ನೆಲವನ್ನು ಮಾತ್ರ ಬದಲಿಸಿದರು. ರೆಗ್ಗೆಯ ಬಿಸಿಲು ಹೋಯಿತು, ಬೇಸ್ ಗುಡುಗಿತು, ಕೊನೆಗೆ ತುತ್ತೂರಿಗಳು ಸುಸ್ವರ ಬಿಟ್ಟು ಅರಚುತ್ತವೆ. ಪ್ರೀತಿಸುತ್ತೇನೆ ಎಂಬ ಅದೇ ಮಾತು ಈಗ ಬೆದರಿಕೆಯಂತೆಯೂ ಬೇಡಿಕೆಯಂತೆಯೂ ಕೇಳುತ್ತದೆ. ಇವರ ಕಸುಬುಗಾರಿಕೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು 'ಟಿಯರ್‌ಡ್ರಾಪ್' ಅಲ್ಲ, ಇದು. ಮೊದಲ ಆಲ್ಬಂನಿಂದ ಈ ಐದನೆಯದರವರೆಗೆ ಪ್ರತಿ ಸ್ಟುಡಿಯೊ ಆಲ್ಬಂನಲ್ಲೂ ಹಾಡಿದ ಏಕೈಕ ಅತಿಥಿ ಹೊರೇಸ್ ಆಂಡಿ. ಮಾರ್ಷಲ್ ಕೂಡ ಒಂದನ್ನು ತಪ್ಪಿಸಿಕೊಂಡಿದ್ದಾನೆ! ಒಡೆಯನಿಗಿಂತ ಅತಿಥಿಯ ಹಾಜರಿ ಹೆಚ್ಚು.

'ಪ್ಯಾರಡೈಸ್ ಸರ್ಕಸ್' ಇದಕ್ಕೆ ಪೂರ್ತಿ ವಿರುದ್ಧ. ಚಪ್ಪಾಳೆ, ಪಿಯಾನೊದ ನಾಲ್ಕಾರು ಸ್ವರ, ಮತ್ತು ಈಗಷ್ಟೇ ನಿದ್ದೆಯಿಂದ ಎದ್ದಂತೆ ಹಾಡುವ ಹೋಪ್ ಸ್ಯಾಂಡೊವಲ್. ಬಹಳ ಹೊತ್ತು ಹೆಚ್ಚೇನೂ ಆಗುವುದಿಲ್ಲ. ಆಗಬಾರದು ಕೂಡ. ಹಾಡು ಮುಗಿಯಿತು ಎನ್ನುವಾಗ ಪಿಟೀಲುಗಳು ಸುತ್ತುತ್ತ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತವೆ. ಬಿಬಿಸಿಯ 'ಲೂಥರ್' ಪತ್ತೇದಾರಿ ಧಾರಾವಾಹಿ ಇದನ್ನೇ ಶೀರ್ಷಿಕೆಗೆ ಬಳಸಿಕೊಂಡಿತು, ಆಲ್ಬಂ ಕೇಳದ ಲಕ್ಷಾಂತರ ಮಂದಿಗೆ ಈ ಹಾಡು ತಲುಪಿದ್ದು ಹಾಗೆ. ಸುಮ್ಮನಿರುವುದು ಹೇಗೆ ಎಂದು ಬಲ್ಲ ಗಾಯಕಿಗೆ ಸುಮ್ಮನಿರಲು ಜಾಗ ಕೊಟ್ಟರು, ಅಷ್ಟೇ.

ಮೊದಲ ಹಾಡು 'ಪ್ರೇ ಫಾರ್ ರೇನ್' ಕೂಡ ತಾಳ್ಮೆಯದು. ಬರಗಾಲದ ನೆಲದಂಥ ಒಣ ಡ್ರಮ್ಮು, ಮೋಡ ಕಟ್ಟಿದ ಪಿಯಾನೊ, ನಡುವೆ ಒಮ್ಮೆ ಎಲ್ಲವೂ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಏಳು ವರ್ಷ ಕಾದವರನ್ನು ಸುಮಾರು ಏಳು ನಿಮಿಷ ಕಾಯಿಸಿ ಬರಮಾಡಿಕೊಳ್ಳುವ ಧೈರ್ಯ ನನಗೆ ಇಷ್ಟವಾಯಿತು. ಮಾರ್ಟಿನಾ ಹಾಡಿದ ಎರಡರಲ್ಲಿ 'ಸೈಕಿ' ಮೇಲು. ಬೆರಳಲ್ಲಿ ಮೀಟಿದ ಗಿಟಾರಿನ ತುಣುಕು ಬಲೆ ನೇಯುವಂತೆ ಓಡುತ್ತಿರುತ್ತದೆ, ಡ್ರಮ್ಮಿನ ಹಂಗಿಲ್ಲ. 'ಬೇಬೆಲ್' ಓಡುತ್ತದೆ, ಎಲ್ಲಿಗೂ ತಲುಪುವುದಿಲ್ಲ.

ಸೋತದ್ದು 'ಫ್ಲ್ಯಾಟ್ ಆಫ್ ದ ಬ್ಲೇಡ್'. ಗೈ ಗಾರ್ವಿ ತುಂಬುಕಂಠದ ಗಾಯಕ, ಊರ ಹಬ್ಬದಲ್ಲಿ ಎಲ್ಲರನ್ನೂ ಹಾಡಿಸಬಲ್ಲವರು. ಅವರನ್ನು ಕರೆದು ಮುರುಕು ಎಲೆಕ್ಟ್ರಾನಿಕ್ ಸದ್ದುಗಳ ನಡುವೆ ಕೂರಿಸಿದರು. ಅವರು ಯಾವ ಕಡೆ ಕಾಲಿಡಬೇಕೆಂದು ತಿಳಿಯದೆ ತಡವರಿಸುವುದು ಕೇಳುತ್ತದೆ. ಅತಿಥಿ ವೇಷಕ್ಕೆ ಹೊಂದದ ಪದ್ಯ ಎತ್ತಿದರೆ ಹೀಗೇ ಆಗುವುದು. ಡೆಲ್ ನಾಯಾ ಒಬ್ಬನೇ ಹಾಡಿದ 'ರಶ್ ಮಿನಿಟ್' ಹಿಂದಿನ ಆಲ್ಬಂನಿಂದ ಉಳಿದ ತುಂಡಿನಂತಿದೆ, ಚೆನ್ನಾಗಿದೆ, ಇಲ್ಲದಿದ್ದರೂ ನಡೆಯುತ್ತಿತ್ತು. ಕೊನೆಯ 'ಅಟ್ಲಾಸ್ ಏರ್' ಹಾಗಲ್ಲ. ಆರ್ಗನ್ ಸುತ್ತುಗಳು ಏಳೂವರೆ ನಿಮಿಷ ಮೀರಿ ಓಡಿದರೂ ಬೇಸರವಿಲ್ಲ. ಆ ವರ್ಷದ ಕೊನೆಗೆ ಅದನ್ನೇ ಬೇರೆ ಇಪಿಯಾಗಿ ತಂದು, ಬಂದ ಹಣವನ್ನು ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುವ ವಾರ್ ಚೈಲ್ಡ್ ಸಂಸ್ಥೆಗೆ ಕೊಟ್ಟರು.

ಈ ಏರುಪೇರೇ ನನಗೆ ಉತ್ತರ ಕೊಡುವುದು. ಇಬ್ಬರೂ ಒಪ್ಪುವ ಒಂದೇ ನಾದ ಹುಡುಕಲು ಹೋಗಿದ್ದರೆ 'ಮೆಜನೈನ್' ಕಾಲದ ಜಗಳ ಮರುಕಳಿಸುತ್ತಿತ್ತು, ಅಥವಾ ಒಬ್ಬ ಮತ್ತೆ ಮನೆಗೆ ಹೋಗುತ್ತಿದ್ದ. ಅವರು ಒಪ್ಪಂದವನ್ನು ಹಾಡಿನಿಂದ ಹಾಡಿಗೆ ಚಿಕ್ಕದು ಮಾಡಿಕೊಂಡರು. ಈ ಹಾಡಿಗೆ ಈ ದನಿ ಸರಿಯೇ, ಇಲ್ಲವೇ? ಇಷ್ಟಕ್ಕೆ ಇಬ್ಬರೂ ತಲೆಯಾಡಿಸಿದರೆ ಸಾಕು. ಹೊರಗಿನವರ ಕಂಠದ ಬಗ್ಗೆ ಮಾತಾಡುವಾಗ ಇಬ್ಬರೂ ತಮ್ಮ ಬಗ್ಗೆ ಮಾತಾಡಬೇಕಾಗಿಲ್ಲವಲ್ಲ. ಬೀಗರು ಬಂದಾಗ ಮನೆಯ ಅಣ್ಣತಮ್ಮಂದಿರು ನಗುತ್ತ ಊಟಕ್ಕೆ ಬಡಿಸುವುದನ್ನು ನೋಡಿದವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಜೊತೆಗೆ ಹೆಸರು ರಟ್ಟಿನ ಮುಂಭಾಗಕ್ಕೆ ಬಾರದ ಮೂರನೆಯವರು ನೀಲ್ ಡೇವಿಡ್ಜ್. ಮಿಕ್ಸಿಂಗ್ ಮೇಜಿನ ಮುಂದೆ ಕೂತು ಈ ಹತ್ತು ಬೇರೆಬೇರೆ ಒಪ್ಪಂದಗಳಿಗೆ ಒಂದೇ ಬಣ್ಣದ ಬೆಳಕು ಹಾಯಿಸಿದವರು. ಜೋಡಿ ಎನ್ನುತ್ತೇವೆ, ಲೆಕ್ಕ ಹಾಕಿದರೆ ಜೋಡಿ ಎಂದೂ ಎರಡಕ್ಕೆ ನಿಂತಿರಲಿಲ್ಲ.

ಹೆಸರು, ಗೋಡೆ, ವಿಡಿಯೊ

ಹೆಲಿಗೊಲ್ಯಾಂಡ್ ಉತ್ತರ ಸಮುದ್ರದಲ್ಲಿರುವ, ಜರ್ಮನಿಗೆ ಸೇರಿದ ಪುಟ್ಟ ದ್ವೀಪ. ಒಂದು ಕಾಲದಲ್ಲಿ ಬ್ರಿಟನ್ನಿನದು. 1890ರ ಒಪ್ಪಂದದಲ್ಲಿ, ಆಫ್ರಿಕಾದ ಝಾಂಜಿಬಾರ್ ಕಡೆಯ ಹಕ್ಕುಗಳನ್ನು ಇತ್ಯರ್ಥ ಮಾಡಿಕೊಳ್ಳುತ್ತ, ಬ್ರಿಟನ್ ಅದನ್ನು ಬಿಟ್ಟುಕೊಟ್ಟಿತು. 1925ರ ಬೇಸಿಗೆಯಲ್ಲಿ ಪರಾಗದ ಅಲರ್ಜಿಯಿಂದ ಮುಖ ಊದಿಸಿಕೊಂಡ ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ ಗಿಡಮರವಿಲ್ಲದ ಈ ಬಂಡೆಗೆ ಬಂದು ಕ್ವಾಂಟಂ ಲೆಕ್ಕ ಬಿಡಿಸಿದರು. 1947ರಲ್ಲಿ ಬ್ರಿಟಿಷ್ ನೌಕಾಪಡೆ ಸಾವಿರಾರು ಟನ್ ಸಿಡಿಮದ್ದು ಪೇರಿಸಿ ಅಲ್ಲಿನ ಸೇನಾ ನೆಲೆಗಳನ್ನು ಸ್ಫೋಟಿಸಿತು. ಅಣು ಒಡೆಯುವ ಹೆಸರಿನ ಹಾಡಿರುವ ಆಲ್ಬಂಗೆ ಇದಕ್ಕಿಂತ ಬೇರೆ ಊರು ಬೇಕಿರಲಿಲ್ಲ. ನನ್ನನ್ನು ಹಿಡಿದದ್ದು ಮಾತ್ರ ಬೇರೆ ಸಂಗತಿ. ಹೆಲಿಗೊಲ್ಯಾಂಡ್ ಈಗ ಎರಡು ತುಂಡು, ಎತ್ತರದ ಕೆಂಪು ಬಂಡೆಯದೊಂದು, ತಗ್ಗಿನ ಮರಳಿನದೊಂದು. 1721ರ ಹೊಸವರ್ಷದ ಹೊತ್ತಿಗೆ ಬಂದ ಬಿರುಗಾಳಿಯ ಸಮುದ್ರ ನಡುವಿನ ನೆಲವನ್ನು ಕೊಚ್ಚಿಕೊಂಡು ಹೋಯಿತು. ಹೆಸರು ಒಂದೇ ಉಳಿಯಿತು. ಮಧ್ಯೆ ದೋಣಿ ಓಡಾಡುತ್ತದೆ.

ಆಲ್ಬಂ ಬಿಡುಗಡೆಯ ಕಥೆಯಲ್ಲಿ ಒಂದು ತಮಾಷೆಯಿದೆ. ಮುಖಚಿತ್ರ ಡೆಲ್ ನಾಯಾ ತಾನೇ ಬರೆದದ್ದು. ಅದರ ಜಾಹೀರಾತು ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಿಗೆ ಹೋದಾಗ, ಇದು ಗೋಡೆಬರಹದ ಹಾಗೆ ಕಾಣುತ್ತದೆ ಎಂದು ಸಾರಿಗೆ ಆಡಳಿತ ತಗಾದೆ ತೆಗೆಯಿತು. ತಿದ್ದಿದ ಚಿತ್ರ ಹಾಕಬೇಕಾಯಿತು. ಹುಡುಗನಾಗಿದ್ದಾಗ ಗೋಡೆಗೆ ಬಣ್ಣ ಎರಚಿ ಓಡುತ್ತಿದ್ದವನು ನಲವತ್ತು ದಾಟಿ, ಕಾಸು ಕೊಟ್ಟು ಹಚ್ಚಲು ಬಂದರೂ ಗೋಡೆ ಒಪ್ಪಲಿಲ್ಲ!

ವಿಡಿಯೊಗಳಲ್ಲಿ ಒಂದನ್ನು ಬಿಡುವಂತಿಲ್ಲ. ಆಲ್ಬಾರ್ನ್ ಹಾಡಿದ 'ಸ್ಯಾಟರ್ಡೇ ಕಮ್ ಸ್ಲೋ' ಕೇಳಲು ಮೆತ್ತನೆಯ ಪ್ರೇಮಗೀತೆ. ಅದರ ಚಿತ್ರದಲ್ಲಿ ಅಮೆರಿಕದ ಗ್ವಾಂಟನಾಮೊ ಸೆರೆಯಲ್ಲಿ ಇದ್ದುಬಂದ ಬ್ರಿಟಿಷ್ ಯುವಕನೊಬ್ಬ ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ಕೂತು, ಕಿವಿಗಡಚಿಕ್ಕುವ ಸಂಗೀತವನ್ನು ಚಿತ್ರಹಿಂಸೆಗೆ ಹೇಗೆ ಬಳಸುತ್ತಿದ್ದರು ಎಂದು ಹೇಳುತ್ತಾನೆ. ಸಂಗೀತ ಮಾರಲು ಮಾಡಿದ ವಿಡಿಯೊದಲ್ಲೇ ಸಂಗೀತದ ಮೇಲೆ ದೂರು ದಾಖಲಾಗಿದೆ. ಅದನ್ನು ನೋಡಿದ ಮೇಲೆ ಆ ಹಾಡು ನನಗೆ ಮೊದಲಿನಂತೆ ಕೇಳಲಿಲ್ಲ.

ಬ್ರಿಟನ್ನಿನ ಪಟ್ಟಿಯಲ್ಲಿ 'ಹೆಲಿಗೊಲ್ಯಾಂಡ್' ಆರನೇ ಸ್ಥಾನ ತಲುಪಿತು. ಹಿಂದಿನ ಎರಡೂ ಒಂದನೇ ಸ್ಥಾನದವು, ಹೀಗಾಗಿ ಇಳಿತ ಎಂದು ಬರೆದವರಿದ್ದಾರೆ. 2003ಕ್ಕೂ 2010ಕ್ಕೂ ನಡುವೆ ತಟ್ಟೆ ಕೊಳ್ಳುವ ಅಭ್ಯಾಸವೇ ಕರಗಿತ್ತು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನನ್ನ ದೂರು ಸ್ಥಾನದ ಬಗ್ಗೆ ಅಲ್ಲ. 'ಮೆಜನೈನ್'ಗೆ ಒಂದೇ ರಾತ್ರಿ ಇದೆ, ಮೊದಲ ಬೇಸ್‌ನಿಂದ ಕೊನೆಯವರೆಗೆ ಅದು ಮುಗಿಯುವುದಿಲ್ಲ. 'ಹೆಲಿಗೊಲ್ಯಾಂಡ್'ಗೆ ಹತ್ತು ಸಂಜೆಗಳಿವೆ. ಹಾಡಿನಿಂದ ಹಾಡಿಗೆ ಒಪ್ಪಂದ ಮಾಡಿಕೊಂಡದ್ದಕ್ಕೆ ತೆತ್ತ ಬೆಲೆ ಅದು.

ಆಮೇಲೆ

2011ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬರಿಯಲ್ ಎಂಬ ಒಂಟಿ ಕಲಾವಿದ 'ಪ್ಯಾರಡೈಸ್ ಸರ್ಕಸ್' ಅನ್ನು ಬಿಚ್ಚಿ ಮಳೆನೀರಲ್ಲಿ ನೆನೆಸಿದಂತೆ ಮರಳಿ ಕಟ್ಟಿದ. ತಟ್ಟೆಯಾಗಿ ಒತ್ತಿದ್ದು ಸಾವಿರ ಪ್ರತಿ. ಮೇಳಕ್ಕೆ ಮೇಳವೇ ಇನ್ನೊಬ್ಬನ ಚಪ್ಪರದಡಿ ಅತಿಥಿಯಾಗಿ ಹೋದ ಒಂದು ಉದಾಹರಣೆ ಇದು. ನನಗೆ ಮೂಲಕ್ಕಿಂತ ಹಿಡಿಸಿದೆ.

ಮುಂದಿನ ಆಲ್ಬಂ? ಹದಿನೈದು ವರ್ಷ ಕಳೆದರೂ ಆರನೆಯ ಸ್ಟುಡಿಯೊ ಆಲ್ಬಂ ಬರಲಿಲ್ಲ. 2016ರ 'ರಿಚುವಲ್ ಸ್ಪಿರಿಟ್' ಇಪಿಯಲ್ಲಿ ಟ್ರಿಕಿ ಇಪ್ಪತ್ತು ವರ್ಷಕ್ಕೂ ಮೀರಿದ ಮೇಲೆ ಮರಳಿದ. ಅದನ್ನು ಡೆಲ್ ನಾಯಾ ಕಟ್ಟಿದ್ದು ಡೇವಿಡ್ಜ್ ಜೊತೆ ಅಲ್ಲ, ಯುವಾನ್ ಡಿಕಿನ್ಸನ್ ಜೊತೆ. 2020ರ 'ಯುಟೋಪಿಯಾ' ಇಪಿಯಲ್ಲಿ ಹಾಡುಗಾರರ ಜೊತೆ ಹವಾಮಾನ, ತೆರಿಗೆ ಕಳ್ಳತನ, ಎಲ್ಲರಿಗೂ ಸಿಗಬೇಕೆನ್ನುವ ಮೂಲ ಆದಾಯದ ಬಗ್ಗೆ ಮಾತಾಡುವ ತಜ್ಞರನ್ನೇ ವೇಷ ಕಟ್ಟಿಸಿ ಕೂರಿಸಿದರು. ಹಾಡಿಗೊಂದು ಒಪ್ಪಂದ ಸಾಕು ಎಂದು ಒಮ್ಮೆ ಕಂಡುಕೊಂಡವರಿಗೆ ಹತ್ತು ಹಾಡನ್ನು ಒಟ್ಟಿಗೆ ಕಟ್ಟಿ ಮಾರುವ ಗೋಜು ಬೇಡವೆನಿಸಿರಬೇಕು.

ತಿರುಗಾಟ ಮಾತ್ರ ನಿಂತಿಲ್ಲ. ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್ಸ್‌ಟನ್ ಹೆಸರಿದ್ದ ತಮ್ಮ ಊರಿನ ಸಭಾಂಗಣದಲ್ಲಿ ಆ ಹೆಸರಿರುವ ತನಕ ಹಾಡುವುದಿಲ್ಲ ಎಂದು ಹಟ ಹಿಡಿದಿದ್ದವರು ಇವರು. 2020ರ ಜೂನ್‌ನಲ್ಲಿ ಜನ ಕೋಲ್ಸ್‌ಟನ್ ವಿಗ್ರಹ ಉರುಳಿಸಿ ಬಂದರಿನ ನೀರಿಗೆ ತಳ್ಳಿದರು, ಕೆಲವೇ ತಿಂಗಳಲ್ಲಿ ಸಭಾಂಗಣದ ಹೆಸರೂ ಬದಲಾಯಿತು. 2024ರ ಆಗಸ್ಟ್ 25ರಂದು ಅದೇ ಬ್ರಿಸ್ಟಲ್‌ನ ಕ್ಲಿಫ್ಟನ್ ಡೌನ್ ಬಯಲಿನಲ್ಲಿ ಅವರು ದೊಡ್ಡ ಆಟ ಇಟ್ಟುಕೊಂಡರು. ಡೀಸೆಲ್ ಜನರೇಟರ್ ಬದಲು ಬ್ಯಾಟರಿ, ಮಾಂಸವಿಲ್ಲದ ಊಟದ ಅಂಗಡಿಗಳು, ರೈಲು ಹಿಡಿದು ಬರುವವರಿಗೆ ಅನುಕೂಲ. ಮೂವತ್ತು ಸಾವಿರಕ್ಕೂ ಮೀರಿ ಜನ. ಕಪ್ಪು ಉಡುಪಿನ ಇಬ್ಬರು ಎಂದಿನಂತೆ ಬೆಳಕಿನ ಅಂಚಿನಲ್ಲಿ ನಿಂತಿದ್ದರು. ಎಪ್ಪತ್ತಮೂರರ ಹೊರೇಸ್ ಆಂಡಿ ನಡೆದು ಬಂದು ಮೈಕ್ ಹಿಡಿದು 'ಗರ್ಲ್ ಐ ಲವ್ ಯೂ' ಎತ್ತಿದರು.